ಅಪೊಲೋನಿಯಾಳ ಸ್ಪಾನಿಷ್

ಇನ್ನಂಜೆಯ ಅಪೊಲೋನಿಯಾಳಿಗೆ ಸ್ಪಾನಿಷ್ ಬರುತ್ತಿತ್ತು. ಕಾಪುವಿನಿಂದ ಕಾರ್ಕಳದವರೆಗೆ ಹುಡುಕಿದರೂ ಆ ಭಾಷೆ ಬಲ್ಲ ಇನ್ನೊಂದು ಜೀವ ಸಿಗುತ್ತಿರಲಿಲ್ಲ. ಆದರೂ ಅದನ್ನು ಊರಲ್ಲಿ ಯಾರೂ ವಿದ್ಯೆ ಎಂದು ಕರೆಯಲಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಸಿಸ್ಟರ್ ಆಗಲೆಂದು ಸ್ಪೇನಿನ ಒಂದು ಕಾನ್ವೆಂಟಿಗೆ ಹೋದವಳು ಒಂಬತ್ತು ವರ್ಷ ಕಳೆದು, 1970ರಲ್ಲಿ, ಸಾಧಾರಣ ಸೀರೆ ಉಟ್ಟುಕೊಂಡು ವಾಪಸ್ಸು ಬಂದಿದ್ದಳು. ಹೋಗುವಾಗ ಚರ್ಚಿನ ಅಂಗಳದಲ್ಲಿ ಹಾರ ಹಾಕಿದವರೇ ಈಗ ಅವಳನ್ನು ಕಂಡರೆ ರಸ್ತೆಯ ಆಚೆ ಬದಿಗೆ ಸರಿದು ನಡೆದರು. ಕಾನ್ವೆಂಟಿನಿಂದ ಹಿಂದೆ ಬಂದ ಹೆಣ್ಣೆಂದರೆ ನಮ್ಮವರ ಲೆಕ್ಕದಲ್ಲಿ ಗಂಡ ಬಿಟ್ಟವಳಿಗಿಂತ ಒಂದು ಮೆಟ್ಟಿಲು ಕೆಳಗೆ. ಗಂಡನಾದರೆ ಮನುಷ್ಯ, ತಪ್ಪು ಅವನದ್ದೇ ಇರಬಹುದು. ಇಲ್ಲಿ ಬಿಟ್ಟವನು ದೇವರಲ್ಲವೇ!

ಬಿಟ್ಟದ್ದು ದೇವರಲ್ಲ, ಮದರ್ ಸುಪೀರಿಯರ್. ಕಾನ್ವೆಂಟಿನವರು ನಡೆಸುತ್ತಿದ್ದ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಆರು ಚಳಿಗಾಲ ರೋಗಿಗಳ ಹಾಸಿಗೆಬಟ್ಟೆ ಒಗೆದ ಮೇಲೆ ಅಪೊಲೋನಿಯಾಳ ಎದೆ ಕೆಟ್ಟಿತು. ಒಂದು ವರ್ಷ ಸ್ಯಾನಟೋರಿಯಮ್ಮಿನಲ್ಲಿ ಮಲಗಿ ವಾಸಿಯಾಗಿ ಬಂದವಳ ಕೈಗೆ ಮದರ್ ಟಿಕೆಟನ್ನೂ ಒಂದು ಕಾಗದವನ್ನೂ ಕೊಟ್ಟರು. ಹಡಗಿನ ಇಪ್ಪತ್ತು ದಿನಗಳಲ್ಲಿ ಆ ಕಾಗದ ಅವಳಿಗೆ ಬಾಯಿಪಾಠವಾಯಿತು: ‘ಎಡ ಶ್ವಾಸಕೋಶದಲ್ಲಿ ಕ್ಷಯ. ಶ್ರಮದ ಕೆಲಸಕ್ಕೆ ಆಗದವಳು. ನಮ್ಮ ಜೀವನಕ್ಕೆ ಈಕೆಗೆ ದೇವರ ಕರೆ ಇದ್ದಂತೆ ಕಾಣುವುದಿಲ್ಲ.’ ಊರಿಗೆ ಬಂದ ಮೇಲೆ ಅದನ್ನು ಒಲೆಗೆ ಹಾಕಿದಳು. ಯಾರು ಕೇಳಿದರೂ ಒಂದೇ ಉತ್ತರ: "ಎಂತದೂ ಇಲ್ಲ, ಅಲ್ಲಿ ಚಳಿ ಜಾಸ್ತಿ."

ಅಣ್ಣ ರೇಮಂಡನ ಮನೆಯ ಹಿಂದಿನ ಕೋಣೆ ಅವಳದ್ದಾಯಿತು. ಬೆಳಿಗ್ಗೆ ಮಲ್ಲಿಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಕಟಪಾಡಿಗೆ ಹೋಗುವ ಬುಟ್ಟಿ ತುಂಬಿಸುವುದು ಅವಳ ಕೆಲಸ. ಮನೆಗೆ ಯಾರಾದರೂ ಶುಭಕಾರ್ಯದ ಮಾತಿಗೆ ಬಂದರೆ ಅತ್ತಿಗೆ ಝೀಟಾ ಅವಳನ್ನು ಗಿಡಗಳಿಗೆ ನೀರು ಬಿಡಲು ಅಟ್ಟುತ್ತಿದ್ದಳು, ಮಳೆಗಾಲದಲ್ಲೂ.

ಹೀಗಿರುವಾಗ ಉಡುಪಿಯಲ್ಲಿ ಟೈಪಿಂಗ್ ಕ್ಲಾಸು ನಡೆಸುವ ಲಿಯೋನೆಲ್ ಮಾಸ್ಟ್ರು ಅವಳನ್ನು ಹುಡುಕಿಕೊಂಡು ಬಂದರು. ಅದೇ ಕಾನ್ವೆಂಟಿಗೆ ವರ್ಷಕ್ಕೆ ಮೂರು ನಾಲ್ಕು ಹುಡುಗಿಯರನ್ನು ಕಳಿಸುವ ಪುಣ್ಯದ ಕೆಲಸವನ್ನು ಅವರು ಮೈಮೇಲೆ ಹಾಕಿಕೊಂಡಿದ್ದರು. ಪಾದ್ರಿಗಳ ಪತ್ರ, ಜ್ಞಾನಸ್ನಾನದ ದಾಖಲೆ, ಶಾಲೆಯ ಸರ್ಟಿಫಿಕೇಟು, ಡಾಕ್ಟರರ ಚೀಟಿ, ತಂದೆತಾಯಿಯ ಒಪ್ಪಿಗೆ, ಹೀಗೆ ಪ್ರತಿ ಹುಡುಗಿಗೂ ಐದು ಕಾಗದ. ಎಲ್ಲವೂ ಇಂಗ್ಲಿಷಿನಲ್ಲಿ.

"ಅಲ್ಲಿಯ ಮದರಿಗೆ ಎಸ್.ಎಸ್.ಎಲ್.ಸಿ. ಅಂದ್ರೆ ಎಂತ ಗೊತ್ತಾಗ್ತದೆ ಬಾಯಮ್ಮ? ಹಾಗೇ ಕಳಿಸಿದ್ರೆ ವಾಪಸ್ ಬರ್ತದೆ. ನೀವು ಬಿಡಿಸಿ ಸ್ಪಾನಿಷಿನಲ್ಲಿ ಬರೆದು ಕೊಡಿ, ನಾನು ಟೈಪ್ ಮಾಡ್ತೇನೆ," ಎಂದರು ಮಾಸ್ಟ್ರು.

ಅಪೊಲೋನಿಯಾಳ ಬೆನ್ನು ಆ ದಿನ ಮೊದಲ ಸಲ ನೆಟ್ಟಗಾಯಿತು. ಒಂದು ನೋಟುಬುಕ್ಕು ತಂದು ಗೆರೆ ಹೊಡೆದು, ಎಡಕ್ಕೆ ಇಂಗ್ಲಿಷಿನ ಶಾರ್ಟ್ ಫಾರ್ಮು, ಬಲಕ್ಕೆ ಅದರ ಸ್ಪಾನಿಷ್ ಬರೆದಳು. ಡಿ/ಓ ಎಂದರೆ ಇಂಥವರ ಮಗಳು. ಎಸ್.ಕೆ. ಎಂದರೆ ದಕ್ಷಿಣ ಕನ್ನಡ ಜಿಲ್ಲೆ. ಡಾಕ್ಟರರ ಚೀಟಿಯ ಎನ್.ಎ.ಡಿ. ಎಂದರೆ ಪರೀಕ್ಷೆಯಲ್ಲಿ ಯಾವ ದೋಷವೂ ಕಂಡಿಲ್ಲ. ‘ದೇವರು ಮನಸ್ಸು ಮಾಡಿದರೆ’ ಎನ್ನುವುದಕ್ಕೆ ಅಲ್ಲಿಯವರು ಎರಡೇ ಅಕ್ಷರ ಬರೆಯುತ್ತಾರೆ ಎಂದು ಮಾಸ್ಟ್ರಿಗೆ ಹೇಳಿಕೊಟ್ಟು, ಅವರು ತಲೆದೂಗಿದ್ದನ್ನು ಕಂಡು ವಾರವಿಡೀ ಖುಷಿಯಲ್ಲಿದ್ದಳು. ಮಾಸ್ಟ್ರ ಮಶೀನಿನಲ್ಲಿ ಸ್ಪಾನಿಷಿನ ‘ಎನ್’ ಅಕ್ಷರದ ತಲೆಯ ಮೇಲೆ ಬರುವ ಬಳುಕು ಗೆರೆ ಇರಲಿಲ್ಲ. ಅದನ್ನು ಅವಳೇ ಶಾಯಿಯಲ್ಲಿ ಹಾಕುತ್ತಿದ್ದಳು.

ನಾಲ್ಕು ವರ್ಷದಲ್ಲಿ ಹದಿನಾಲ್ಕು ಹುಡುಗಿಯರು ಹೋದರು. ಹೆಬ್ರಿಯವರು, ಪೆರ್ಡೂರಿನವರು, ಕಾರ್ಕಳದವರು. ಹೊರಡುವ ಮೊದಲು ಅವರೆಲ್ಲ ಬಂದು, ಅಲ್ಲಿ ಹೇಗುಂಟು ಎಂದು ಕೇಳುತ್ತಿದ್ದರು. ಚಳಿ ಜಾಸ್ತಿ, ಸ್ವೆಟರ್ ತಗೊಂಡು ಹೋಗಿ ಎಂದು ಹೇಳಿ ಕಳಿಸುತ್ತಿದ್ದಳು.

1977ರಲ್ಲಿ ಹದಿನೈದನೆಯ ಕಟ್ಟು ಬಂತು. ರೇಮಂಡನ ಮಗಳು ರೋಸಿಯದ್ದು.

ಅಪೊಲೋನಿಯಾ ಎತ್ತಿ ಆಡಿಸದಿದ್ದರೂ ಅವಳ ಬೆನ್ನು ಬಿಡದೆ ಬೆಳೆದ ಹುಡುಗಿ. ಭಿನ್ನರಾಶಿಯ ಲೆಕ್ಕದಿಂದ ಎಸ್.ಎಸ್.ಎಲ್.ಸಿ.ಯ ಇಂಗ್ಲಿಷ್ ಪ್ರಬಂಧದವರೆಗೆ ಅವಳೇ ಹೇಳಿಕೊಟ್ಟಿದ್ದಳು. ಈಗ ಊರೆಲ್ಲ ರೋಸಿಯನ್ನು ಮುಂಚಿತವಾಗಿಯೇ ಸಿಸ್ಟರ್ ಎಂದು ಕರೆಯತೊಡಗಿತು. ಝೀಟಾ ಚರ್ಚಿನಿಂದ ಬಂದವಳು ನಾದಿನಿಗೆ ಕೇಳುವಂತೆ, "ನಮ್ಮ ಮನೆಯ ಹೆಸರು ಇನ್ನಾದರೂ ಸರಿಯಾಗ್ತದೆ," ಎಂದಳು.

ಮಣಿಪಾಲದ ಡಾಕ್ಟರು ಬರೆದ ಚೀಟಿಯಲ್ಲಿ ಎರಡೇ ಸಾಲು. ಕೊನೆಗೆ ಎನ್.ಎ.ಡಿ. ಅಪೊಲೋನಿಯಾ ಪೆನ್ನು ಹಿಡಿದಳು. ಬಟ್ಟೆ ಒಗೆಯುವ ಕೋಣೆಯ ತಣ್ಣೀರಿನಲ್ಲಿ ಕೆಂಪಗೆ ಬಾತು ಒಡೆದ ಬೆರಳುಗಳು ಕಣ್ಣ ಮುಂದೆ ಬಂದವು, ಅವು ರೋಸಿಯ ಬೆರಳುಗಳಾಗಿದ್ದವು. ಒಳಗೆ ಹೋಗಿ ಹುಡುಗಿಯನ್ನು ಕರೆದು ಕೂರಿಸಿ ನಾಲ್ಕು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹಾಗೆ ಹೇಳಬೇಕಾದರೆ ತನ್ನ ಎದೆಯ ಕಥೆಯನ್ನೂ ಹೇಳಬೇಕು, ಝೀಟಾಳ ಕಿವಿಗೆ ಅದು ಬೀಳಬೇಕು. ಅವಳು ಹೇಳಲಿಲ್ಲ. ಬಾಯಿಪಾಠವಿದ್ದ ಮೂರು ವಾಕ್ಯಗಳಲ್ಲಿ ಮೊದಲ ಎರಡನ್ನು ರೋಸಿಯ ಹೆಸರಿನ ಕೆಳಗೆ ಬರೆದಳು. ಚಿಕಿತ್ಸೆಯ ವಿವರವನ್ನೂ ಸೇರಿಸಿದಳು. ಮಾಸ್ಟ್ರು ಒಂದಕ್ಷರವೂ ಅರ್ಥವಾಗದೆ ನೀಟಾಗಿ ಟೈಪ್ ಮಾಡಿದರು.

ನಾಲ್ಕು ತಿಂಗಳ ನಂತರ ಉತ್ತರ ಬಂತು. ಅದನ್ನು ಓದಿ ಹೇಳಬಲ್ಲವಳೂ ಅವಳೇ. "ಈ ವರ್ಷ ಜಾಗ ಭರ್ತಿಯಾಗಿದೆಯಂತೆ," ಎಂದಳು. ರೋಸಿ ಎರಡು ದಿನ ಊಟ ಬಿಟ್ಟು, ಮೂರನೆಯ ದಿನ, "ಬರುವ ವರ್ಷ ಪುನಃ ಬರೆಯುವ ಆಕಯ್," ಎಂದಳು. ಅತ್ತೆಯನ್ನು ಅವಳು ಕರೆಯುತ್ತಿದ್ದದ್ದು ಹಾಗೆ.

ಬರುವ ವರ್ಷ ಕಾಗದದ ಬದಲು ಕಾನ್ವೆಂಟಿನ ಸಿಸ್ಟರೊಬ್ಬರೇ ಬಂದರು, ಹುಡುಗಿಯರ ಮನೆಯವರನ್ನು ನೋಡಲು. ಮಾಸ್ಟ್ರು ಟೈಪಿಂಗ್ ಕ್ಲಾಸಿನ ಮಶೀನುಗಳನ್ನು ಬದಿಗಿಟ್ಟು ಬೆಂಚು ಹಾಕಿಸಿದರು. ಸಿಸ್ಟರಿಗೆ ಸ್ಪಾನಿಷ್ ಬಿಟ್ಟು ಬೇರೆ ಬಾರದು. ನಡುವೆ ನಿಂತು ಎರಡೂ ಕಡೆಗೆ ಹೇಳುವವಳು ಅಪೊಲೋನಿಯಾ. ತುಂಬಿದ ಸಭೆಯಲ್ಲಿ ರೋಸಿ ಎದ್ದು ನಿಂತಳು.

"ನನ್ನನ್ನು ಯಾಕೆ ತಗೊಳ್ಳಲಿಲ್ಲ ಅಂತ ಕೇಳಿ ಆಕಯ್."

ಬೇರೇನನ್ನೋ ಕೇಳೋಣವೆಂದರೆ ರೋಸಿ ಸಿಸ್ಟರ ಕಡೆ ತಿರುಗಿ ತನ್ನ ಹೆಸರನ್ನು ತಾನೇ ಎರಡು ಸಲ ಹೇಳಿಬಿಟ್ಟಿದ್ದಳು; ಕೇಳಲೇಬೇಕಾಯಿತು. ಸಿಸ್ಟರು ಫೈಲು ತಿರುವಿ, ಮೃದುವಾಗಿ ಏನೋ ಹೇಳಿದರು. "ಜಾಗ ಇರಲಿಲ್ಲವಂತೆ," ಎಂದಳು ಅಪೊಲೋನಿಯಾ. ಆದರೆ ಸಿಸ್ಟರು ಅಷ್ಟಕ್ಕೇ ನಿಲ್ಲಿಸಲಿಲ್ಲ. ರೋಸಿಯ ಹತ್ತಿರ ಬಂದು, ಅವಳ ಎದೆಯ ಎಡಭಾಗಕ್ಕೆ ಕೈಯಿಟ್ಟು, ತಾನೇ ಎರಡು ಸಲ ಕೆಮ್ಮಿ ತೋರಿಸಿ, ಈಗ ವಾಸಿಯೇ ಎಂಬಂತೆ ಹುಬ್ಬು ಎತ್ತಿದರು. ಅದಕ್ಕೆ ಯಾವ ಭಾಷೆಯೂ ಬೇಕಾಗಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹೆಂಗಸರು ಬೆಂಚಿನ ಮೇಲೆಯೇ ಆಚೆಗೆ ಸರಿದರು.

ಲಿಯೋನೆಲ್ ಮಾಸ್ಟ್ರು ಕಪಾಟಿನಿಂದ ಕಾರ್ಬನ್ ಪ್ರತಿ ತೆಗೆದು ಡಾಕ್ಟರರ ಚೀಟಿಯ ಪಕ್ಕ ಇಟ್ಟರು. ಇಂಗ್ಲಿಷಿನಲ್ಲಿ ಎರಡು ಸಾಲು, ಸ್ಪಾನಿಷಿನಲ್ಲಿ ಆರು.

"ಎಂತ ಬರೆದಿದ್ದೀರಿ ಬಾಯಮ್ಮ?" ಎಂದು ಕೇಳಿದರು.

ರೇಮಂಡ್ ಅಂದೇ ಮನೆಯಲ್ಲಿ ತಂಗಿಯ ಕೆನ್ನೆಗೆ ಹೊಡೆದ. ಮರುದಿನ ಮಗಳಿಗೆ ಮಣಿಪಾಲದಲ್ಲಿ ಎಕ್ಸ್‌ರೇ ಮಾಡಿಸಿದ. ಪಾದ್ರಿಗಳು ತಿದ್ದುಪಡಿಯ ಪತ್ರ ಬರೆದುಕೊಟ್ಟರು. ಆದರೆ ಅದನ್ನು ಸ್ಪಾನಿಷಿಗೆ ಮಾಡುವವರು ಯಾರು? ಮತ್ತೆ ಅವಳೇ. ರೇಮಂಡ್ ತಲೆಯ ಮೇಲೆ ನಿಂತು ಬರೆಸಿದ. ಅವಳು ಈ ಸಲ ಒಂದಕ್ಷರ ತಪ್ಪದೆ ಬರೆದಳು. ಸುಳ್ಳಿಗೆ ನಾಲ್ಕು ತಿಂಗಳಲ್ಲಿ ಉತ್ತರ ಬಂದಿತ್ತು. ನಿಜಕ್ಕೆ ಬರಲೇ ಇಲ್ಲ.

ಆಮೇಲೆ ರೋಸಿಗೆ ಗಂಡು ಹುಡುಕುವ ಕೆಲಸ. ಎಕ್ಸ್‌ರೇ ಪ್ಲೇಟು ಯಾವಾಗಲೂ ಚಾವಡಿಯಲ್ಲೇ ಇರುತ್ತಿತ್ತು. ಬಂದವರು ಅದನ್ನು ಬೆಳಕಿಗೆ ಹಿಡಿದು, ತಮಗೆಲ್ಲ ಗೊತ್ತಾಗುವವರ ಹಾಗೆ ನೋಡಿ, ಒಳ್ಳೆಯದುಂಟು ಎಂದು ಶರಬತ್ತು ಕುಡಿದು ಹೋಗುತ್ತಿದ್ದರು. ಸ್ವಂತ ಅತ್ತೆಯೇ ಬರೆದಿದ್ದಾಳೆಂದರೆ ಸುಮ್ಮನೆ ಬರೆಯುತ್ತಾಳಾ ಎಂದು ದಾರಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಆರು ವರ್ಷ ಹೀಗೇ ಹೋಯಿತು.

1985ರಲ್ಲಿ ಕಾರ್ಕಳದಿಂದ ಜಾರ್ಜ್ ಬಂದ. ಗಲ್ಫಿನಲ್ಲಿದ್ದವನು, ಹೆಂಡತಿ ತೀರಿದವನು. "ಕಾಗದದಲ್ಲಿರುವ ಕಾಯಿಲೆಗೆ ನಾನು ಹೆದರುವುದಿಲ್ಲ ಮಾರಾಯ್ರೆ," ಎಂದು ನಕ್ಕ. ರೋಸಿಯೂ ನಕ್ಕಳು. ದಿನ ನಿಶ್ಚಯಿಸಲು ಅವನ ತಾಯಿ, ಅಕ್ಕಂದಿರು ಬಂದು ಕುಳಿತಿದ್ದಾಗ ಹಿಂದಿನ ಕೋಣೆಯಲ್ಲಿ ಅಪೊಲೋನಿಯಾಳಿಗೆ ಕೆಮ್ಮು ಹತ್ತಿತು. ಎರಡು ತಿಂಗಳಿಂದ ಅಡಗಿಸಿಕೊಂಡು ಬಂದಿದ್ದ ಕೆಮ್ಮು. ಬಾಯಿಗೆ ಸೆರಗು ತುರುಕಿಕೊಂಡಳು, ನಿಲ್ಲಲಿಲ್ಲ. ನೀರಿಗೆಂದು ಹೊರಗೆ ಬಂದವಳ ಸೆರಗಿನಲ್ಲಿ ರಕ್ತವಿದ್ದದ್ದನ್ನು ಜಾರ್ಜನ ತಾಯಿ ನೋಡಿದರು. ಶರಬತ್ತಿನ ಗ್ಲಾಸು ಮುಟ್ಟದೆ ಎದ್ದರು. ಜಾರ್ಜ್ ಅಂಗಳದಲ್ಲಿ ಒಮ್ಮೆ ತಿರುಗಿ ನೋಡಿ ಕಾರು ಹತ್ತಿದ.

ಮಣಿಪಾಲದ ಡಾಕ್ಟರು ಹಳೆಯ ಕ್ಷಯ ಮರುಕಳಿಸಿದೆ ಎಂದರು. ಹೀಗೆ ಆ ಮನೆಗೆ ಅವಳ ಎದೆಯ ಕಥೆ ಗೊತ್ತಾಯಿತು. ಝೀಟಾ ಹಿಂದಿನ ಕೋಣೆಗೆ ಕಾಲಿಡುವುದನ್ನು ಬಿಟ್ಟಳು. ಗಂಜಿ, ಗುಳಿಗೆ ಕೊಡುವ ಕೆಲಸ ರೋಸಿಗೆ ಬಂತು. ಎಂಟು ವರ್ಷ ಒಳಗೆ ಇಟ್ಟುಕೊಂಡಿದ್ದ ಮಾತನ್ನು ಅಪೊಲೋನಿಯಾ ಒಂದು ಮಧ್ಯಾಹ್ನ ಹೊರಗೆ ಹಾಕಿದಳು. ಬಟ್ಟೆ ಒಗೆಯುವ ಕೋಣೆ, ತಣ್ಣೀರು, ಸ್ಯಾನಟೋರಿಯಮ್ಮು, ಎಲ್ಲ ಹೇಳಿ, "ನಿನ್ನನ್ನು ಉಳಿಸಲಿಕ್ಕೆ ಮಾಡಿದ್ದು ರೋಸಿ," ಎಂದಳು.

"ಇದನ್ನು ಆಗಲೇ ಹೇಳಿದ್ದರೆ ನಾನು ಹೋಗ್ತಿರಲಿಲ್ಲ," ಎಂದಳು ರೋಸಿ. ಅವಳ ದನಿ ಏರಲಿಲ್ಲ. "ನಿಮಗೆ ನಾಚಿಕೆ ಆಯ್ತು. ನಿಮ್ಮ ನಾಚಿಕೆ ಮುಚ್ಚಲಿಕ್ಕೆ ನಿಮ್ಮ ಕಾಯಿಲೆಯನ್ನು ನನ್ನ ಎದೆಗೆ ಹಾಕಿದಿರಿ. ಅದು ಇರಲಿ ಆಕಯ್. ಉಳಿದ ಹದಿನಾಲ್ಕು ಹುಡುಗಿಯರ ಕಾಗದ ಸರಿಯಾಗಿಯೇ ಬರೆದು ಕಳಿಸಿದಿರಲ್ಲ, ಅವರನ್ನು ಉಳಿಸುವುದು ಬೇಡವಾಗಿತ್ತಾ?"

ಅಪೊಲೋನಿಯಾ ಗೋಡೆಯ ಕಡೆ ಹೊರಳಿದಳು. ಅದಕ್ಕೆ ಉತ್ತರ ಅವಳಲ್ಲಿತ್ತು. ಒಬ್ಬೊಬ್ಬಳ ಕಾಗದ ಅಂಚೆಗೆ ಬಿದ್ದಾಗಲೂ ಅವಳಿಗೆ ಒಳಗೊಳಗೇ ಹಿತವಾಗುತ್ತಿತ್ತು: ನಾನೊಬ್ಬಳೇ ಯಾಕೆ ಅನುಭವಿಸಬೇಕು, ಇವರೂ ನೋಡಲಿ. ಅದನ್ನು ಅವಳು ಪಾಪನಿವೇದನೆಯಲ್ಲೂ ಹೇಳಿರಲಿಲ್ಲ, ಈಗಲೂ ಹೇಳಲಿಲ್ಲ.

ಆದರೆ ರೋಸಿ ಆ ಬೆನ್ನನ್ನು ನೋಡಿಯೇ ತಿಳಿದುಕೊಂಡಳು. ಗುಳಿಗೆಯನ್ನೂ ನೀರನ್ನೂ ಸ್ಟೂಲಿನ ಮೇಲಿಟ್ಟು ಬಾಗಿಲು ಎಳೆದುಕೊಂಡಳು. ಅಪೊಲೋನಿಯಾ ಇನ್ನೂ ಮೂರು ವರ್ಷ ಬದುಕಿದಳು. ರೋಸಿ ಒಂದು ಹೊತ್ತೂ ತಪ್ಪಿಸದೆ ಗಂಜಿ ಕೊಟ್ಟಳು, ಮೈ ಒರೆಸಿದಳು, ಹಾಸಿಗೆಬಟ್ಟೆ ಒಗೆದಳು. ಮಾತು ಮಾತ್ರ ಒಂದೂ ಆಡಲಿಲ್ಲ.