ಮೈಯೊಳಗಿನ ತಂಗಿ

ಆ ಭಾನುವಾರ ತಂಗಿ ನನ್ನ ಕಿಟಕಿಯ ಹೊರಗೆ ಎಷ್ಟು ಹೊತ್ತು ನಿಂತಿದ್ದಳು, ಹತ್ತು ನಿಮಿಷವೋ ಒಂದು ಗಂಟೆಯೋ, ಹೇಳಲಾರೆ. ಅವಳ ಮಾತುಗಳನ್ನೂ ನಾನೇ ಅಷ್ಟಿಷ್ಟು ತಿದ್ದಿಕೊಂಡಿರಬಹುದು. ಒಂಟಿಯಾಗಿದ್ದವನು ಕೇಳಿದ ಮಾತನ್ನು ನೂರು ಸಲ ಮೆಲುಕು ಹಾಕಿರುತ್ತಾನೆ.

ರಕ್ತದ ಕ್ಯಾನ್ಸರ್‌ಗೆ ಬೆಂಗಳೂರಿನಲ್ಲಿ ನನಗೆ ಸ್ಟೆಮ್ ಸೆಲ್ ಕಸಿ ಆಗಿತ್ತು. ಕೋಶಗಳನ್ನು ಕೊಟ್ಟವಳು ತಂಗಿ. ಅದಕ್ಕೆ ಮೂರು ವರ್ಷ ಮುಂಚೆಯೇ ಅವಳು ನನ್ನೊಡನೆ ಮಾತು ಬಿಟ್ಟಿದ್ದಳು. ಅವಳ ಮಗಳ ಕಿವಿ ಚುಚ್ಚುವಾಗ ಕೂರಿಸಿಕೊಳ್ಳಲು ಸೋದರಮಾವನಾದ ನನ್ನ ತೊಡೆ ಬೇಕಿತ್ತು. ಇದಕ್ಕೆಲ್ಲ ಅರ್ಥವಿಲ್ಲ ಎಂದು ನಾನು ಹೊಸೂರಿನಲ್ಲೇ ಉಳಿದಿದ್ದೆ. ಆದರೂ ಆಸ್ಪತ್ರೆಗೆ ಬಂದಳು, ಯಂತ್ರಕ್ಕೆ ತೋಳು ಕೊಟ್ಟು ನಾಲ್ಕು ಗಂಟೆ ಮಲಗಿದಳು, ಒಂದು ಮಾತೂ ಆಡದೆ ಅಂಚೆಟ್ಟಿ ಕಡೆಯ ತನ್ನ ಊರಿಗೆ ಹೊರಟುಹೋದಳು.

ಹೊಸೂರಿನ ಬಾಡಿಗೆ ಮನೆಗೆ ಮರಳಿದ ಮೇಲೆ ಯಾರನ್ನೂ ಒಳಗೆ ಬಿಡುವಂತಿರಲಿಲ್ಲ. ಆರನೆಯ ವಾರ ಅಂಗೈ, ಎದೆಯ ಮೇಲೆಲ್ಲ ಕೆಂಪು ದದ್ದು. ಡಾಕ್ಟರು ವಿವರಿಸಿದರು: ತಂಗಿಯ ಕೋಶಗಳು ನನ್ನ ಮೈಯನ್ನು ಬೇರೆಯವರದೆಂದು ತಿಳಿದು ಎರಗಿವೆ. ಅವುಗಳ ನಡುವೆಯೇ ನಿಯಂತ್ರಕ ಟಿ ಕೋಶಗಳೆಂಬ ಕೆಲವು ಇರುತ್ತವೆ, ಉಳಿದವನ್ನು ತಡೆಯುವುದು ಅವುಗಳ ಕೆಲಸ. ಸದ್ಯಕ್ಕೆ ಅವು ಕಡಿಮೆ. ಅವು ಹೆಚ್ಚುವವರೆಗೆ ಸ್ಟೀರಾಯ್ಡ್. ಕರುಳಿಗೆ, ಯಕೃತ್ತಿಗೆ ಹರಡಿದರೆ ಜೀವಕ್ಕೇ ಅಪಾಯ.

ಇದನ್ನು ಫೋನಿನಲ್ಲಿ ತಂಗಿಯ ಗಂಡನಿಗೆ ಹೇಳಿದೆ. ಅವನು ಹೇಗೆ ತಿಳಿಸಿದನೋ, ಅವಳಿಗೆ ಅರ್ಥವಾದದ್ದು ಒಂದೇ: ತನ್ನ ಕೋಪವೂ ರಕ್ತದ ಜೊತೆ ನನ್ನೊಳಗೆ ಹೋಗಿದೆ. ಗಂಡನಿಗೆ ಕಾರ್ಖಾನೆ ರಜೆಯಿದ್ದ ಭಾನುವಾರ ಮಗಳನ್ನು ಅವನ ಬಳಿ ಬಿಟ್ಟು ಬಸ್ ಹತ್ತಿ ಬಂದಳು.

"ನಿನ್ ಮೈಯೊಳಕ್ಕೋಗಿ ಜಗಳ ತೆಗ್ದಿರೋದು ನಾನೇ ಅಂತೆ ಕಣಣ್ಣ! ಕೈ ತೋರ್ಸು."

ಗಾಜಿಗೆ ಅಂಗೈ ಒತ್ತಿದೆ.

"ಅಯ್ಯೋ, ಚೆನ್ನಾಗೇ ಬಾರ್ಸಿವ್ನಿ," ಎಂದು ನಕ್ಕಳು. ಆಮೇಲೆ ನಗಲಿಲ್ಲ. "ಕೋಪ ಬುಟ್ಬುಟ್ಟೆ ಕಣಣ್ಣ, ನಿಜವಾಗ್ಲೂ. ಅವ್ಕೂ ಹೇಳ್ತೀನಿ, ಸುಮ್ಕಿರ್ರಮ್ಮಾ ಅಂತ."

"ಜೀವಕೋಶಕ್ಕೆ ಕಿವಿ ಇರಲ್ಲ ಕಣಮ್ಮ."

"ನಿಂಗೂ ಇರ್ಲಿಲ್ಲ ಬುಡು ಅವತ್ತು."

ನಾನು ಕ್ಷಮೆ ಕೇಳಿದೆನೇ? ಕೇಳಿದಂತೆ ನೆನಪು, ಆ ನೆನಪನ್ನು ನಂಬಲಾರೆ. ಸಂಜೆಯ ಬಸ್ ತಪ್ಪಿದರೆ ಬೇರೆ ಇಲ್ಲವೆಂದು ಅವಳು ಹೊರಟಳು. ಮತ್ತೆ ಎಷ್ಟೋ ವಾರ ಆ ಬೀದಿಯಲ್ಲಿ ನನ್ನನ್ನು ಯಾರೂ ಕೂಗಿ ಕರೆಯಲಿಲ್ಲ.

ದದ್ದು ಪೂರ್ತಿ ಇಳಿಯಿತು. ತನ್ನ ಮಾತಿಗೇ ಇಳಿಯಿತೆಂದು ಅವಳು ಈಗಲೂ ಊರಲ್ಲಿ ಹೇಳುತ್ತಾಳೆ. ನಾನು ತಿದ್ದಲು ಹೋಗಿಲ್ಲ. ನನಗೂ ಹಾಗೆಯೇ ನೆನಪಿತ್ತು. ಡಾಕ್ಟರಿಗೆ ಕಳಿಸಲೆಂದು ದಿನವೂ ತೆಗೆದ ಫೋಟೋಗಳನ್ನು ಕಳೆದ ತಿಂಗಳು ದಿನಾಂಕ ಹಿಡಿದು ನೋಡಿದೆ. ಅವಳು ಬರುವುದಕ್ಕೆ ಮೂರು ದಿನ ಮುಂಚೆ, ಗುರುವಾರವೇ, ಅಂಗೈಯ ಕೆಂಪು ಮಾಸತೊಡಗಿತ್ತು.