ಡೆಲ್ಮರನ ಊರುಸುತ್ತಾಟ

ಅಮೆರಿಕದ ನೆಬ್ರಾಸ್ಕಾದ ಆ ಪುಟ್ಟ ಊರಿಗೆ ಹೊಸ ಕಾರು ಬಂದರೆ ನಾಯಿಗಳಿಗಿಂತ ಮೊದಲು ಎದ್ದು ಬರುವವನು ಡೆಲ್ಮರ್. ಬಂದವರನ್ನು ತನ್ನ ಹಳೇ ಪಿಕಪ್ಪಿಗೆ ಹತ್ತಿಸಿಕೊಂಡು, ಎದುರು ಸಿಕ್ಕವರಿಗೆಲ್ಲ ಸ್ಟಿಯರಿಂಗ್ ಬಿಡದೆಯೇ ಒಂದು ಬೆರಳೆತ್ತಿ ನಮಸ್ಕಾರ ಹೇಳುತ್ತಾ, ಮೆಕ್ಕೆಜೋಳದ ಹೊಲಗಳನ್ನು ತಾನೇ ಹೆತ್ತವನಂತೆ ತೋರಿಸುತ್ತಾನೆ. "ಆ ಕೆಂಪು ಕೊಟ್ಟಿಗೆಯವನು ಜಿಪುಣ. ಈ ಬಿಳಿ ಮನೆಯವಳು ಮಾಡಿದ ಹಣ್ಣಿನ ಪೈ ತಿಂದ್ರೆ ಹಲ್ಲು ಹೋಗುತ್ತೆ. ನಮ್ಮ ಪಾದ್ರಿ ಬಾಯಿ ತೆಗೆದ್ರೆ ದೇವರಿಗೇ ನಿದ್ದೆ!" ಕೊನೆಗೆ ತಪ್ಪದೆ ಶಾಲೆಯ ಮುಂದೆ ಗಾಡಿ ನಿಲ್ಲಿಸಿ, "ಮಕ್ಕಳೆಷ್ಟು ನಿಮಗೆ?" ಎನ್ನುತ್ತಾನೆ. ಮೊನ್ನೆ ಅವಳಿ ಮಕ್ಕಳೊಂದಿಗೆ ಮನೆ ಹುಡುಕಿಕೊಂಡು ಬಂದಿದ್ದ ಹೆಂಗಸೊಬ್ಬಳು ನಕ್ಕಳು. "ನಗಬೇಡಿ ತಾಯಿ, ಇನ್ನಿಬ್ಬರು ಮಕ್ಕಳು ಸಿಗದಿದ್ರೆ ಬರೋ ವರ್ಷ ಇದಕ್ಕೆ ಬೀಗ." ಅವಳ ನಗು ನಿಂತಿತು. "ಟೀಚರ್ ಹೇಗೆ?" ಎಂದಳು. "ಪಾಠ ಬಂಗಾರ, ಬಾಯಿ ಬೆಂಕಿ," ಎಂದವನು ಶಾಲೆಯ ಕಿಟಕಿಯತ್ತ ನೋಡಿ ದನಿ ತಗ್ಗಿಸಿದ: "ನನ್ನ ಹೆಂಡ್ತಿ. ಶಾಲೆ ಮುಚ್ಚಿದ್ರೆ ಪಾಠ ಯಾರಿಗೆ ಹೇಳ್ತಾಳೆ, ಪಾಪ? ನನ್ನ ತಲೆಗಂತೂ ಹತ್ತಲ್ಲ."