ಬೆಡ್‌ರೂಮಿಗೆ ಬಂದ ಫ್ಲೈಓವರ್

ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದವರು ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ. ಉಡುಪಿ ಕಡೆಯವರು, ಫೋರ್ಟ್‌ನ ಬ್ಯಾಂಕೊಂದರಿಂದ ನಿವೃತ್ತರಾಗಿದ್ದರು. ಹೈವೇಯ ಟ್ರಾಫಿಕ್ ಬಗ್ಗೆ ಯಾರಾದರೂ ಗೊಣಗಿದರೆ ಸಾಕು, ಕನ್ನಡಕವನ್ನು ಹಣೆಗೇರಿಸಿ, ಕೈಯಿಂದ ಗಾಳಿಯಲ್ಲಿ ಉದ್ದನೆಯ ಕಮಾನು ಎಳೆದು, "ವಿಷನ್ ಬೇಕು ಮಾರಾಯ್ರೆ, ವಿಷನ್!" ಎನ್ನುತ್ತಿದ್ದರು. ಅವರ ವಿಷನ್ ಎಂದರೆ ಫ್ಲೈಓವರ್. ಅದಕ್ಕಾಗಿ ಅವರು ಹತ್ತಿಳಿಯದ ಸರ್ಕಾರಿ ಕಚೇರಿ ಇರಲಿಲ್ಲ.

ಕೊನೆಗೂ ಫ್ಲೈಓವರ್ ಬಂತು, ನೇರವಾಗಿ ಅವರ ಮೂರನೇ ಮಹಡಿಯ ಬೆಡ್‌ರೂಮಿನ ಕಿಟಕಿಗೆ. ಉದ್ಘಾಟನೆಯ ದಿನ ಇಡೀ ಬಿಲ್ಡಿಂಗಿಗೆ ಪೇಡಾ ಹಂಚಿದರು. ಆ ವಾರವೇ ಅವರ ಹೆಂಡತಿ ಹಾಸಿಗೆ ಸುತ್ತಿಕೊಂಡು ಅಡುಗೆಮನೆ ಸೇರಿದರು. ಇವರು ಮಾತ್ರ ಹಠ ಹಿಡಿದು ಅಲ್ಲೇ ಮಲಗಿದರು. ಹಾರ್ನ್ ಸದ್ದಿಗೆ ನಿದ್ದೆಯಿಲ್ಲದೆ ಕಣ್ಣು ಕೆಂಪಾದರೂ ಯಾರನ್ನೂ ದೂರಲಿಲ್ಲ.

ಒಂದು ಸಂಜೆ ನಾವಿಬ್ಬರೂ ಆ ಕಿಟಕಿಯ ಬಳಿ ಚಹಾ ಕುಡಿಯುತ್ತಿದ್ದೆವು. ಫ್ಲೈಓವರ್ ಮೇಲೆ ಒಂದು ಗಾಡಿಯೂ ಅಲುಗಾಡುತ್ತಿರಲಿಲ್ಲ. ನಮ್ಮ ಕನ್ನಡ ಕಿವಿಗೆ ಬಿದ್ದು, ಕೈಗೆಟಕುವಷ್ಟು ಹತ್ತಿರ ನಿಂತಿದ್ದ ಟ್ಯಾಕ್ಸಿಯಿಂದ ಯುವಕನೊಬ್ಬ ತಲೆ ಹೊರಹಾಕಿದ.

"ಅಂಕಲ್, ಏರ್‌ಪೋರ್ಟ್ ಇನ್ನಾ ಎಷ್ಟ್ ದೂರ ಐತ್ರಿ? ನನ್ನ ಫ್ಲೈಟ್ ತಪ್ಪತೈತ್ರಿ!"

"ದೂರ ಎಂತ ಇಲ್ಲ ಮಾರಾಯ್ರೆ. ಕೆಳಗೆ ಇಳಿದು ನಡ್ಕೊಂಡು ಹೋಗಿ, ಬೇಗ ಮುಟ್ತೀರಿ," ಎಂದರು ಸೆಕ್ರೆಟರಿ.

"ಕೆಳಗ ಇಳಿಯಾಕ ದಾರಿ ಎಲ್ಲೈತ್ರಿ?"

ಸೆಕ್ರೆಟರಿ ಕಿಟಕಿಯಿಂದ ಬಗ್ಗಿ, ಫ್ಲೈಓವರಿನ ಆ ತುದಿ ಈ ತುದಿ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಸಭೆಯಲ್ಲಿ ಉತ್ತರಿಸುವವರ ಗಾಂಭೀರ್ಯದಿಂದ ಹೇಳಿದರು:

"ಅದು ಯೋಜನೆಯ ಎರಡನೇ ಹಂತದಲ್ಲಿ ಉಂಟು."